ಶ್ರೀ ಎನ್‌ಪಿಓ ಮಹಾತ್ಮೆ

ಬಳ್ಳಾರಿ ಸೀಮೆಯಲ್ಲಿ ಕಣ್ಣ ಮುಂದೆಯೇ ಎಷ್ಟೆಲ್ಲ ಬದಲಾಗಿಹೋಯಿತು. 2014ರಲ್ಲಿ ಇಂಗ್ಲಿಷಿನ ‘ಬೆಲ್ಲಾರಿ’ ಹೋಗಿ ಸರ್ಕಾರಿ ಕಾಗದದಲ್ಲೂ ಬಳ್ಳಾರಿಯೇ ಆಯಿತು. ಕುರುಗೋಡು ತಾಲ್ಲೂಕಾಯಿತು. 2021ರಲ್ಲಿ ಜಿಲ್ಲೆಯೇ ಎರಡು ಹೋಳಾಗಿ ಹೊಸಪೇಟೆ, ಹಂಪಿ ವಿಜಯನಗರದ ಪಾಲಿಗೆ ಹೋದವು. ಗಣಿಧೂಳು ಎದ್ದಿತು, ಇಳಿಯಿತು, ಮತ್ತೆ ಎದ್ದಿತು. ಇಷ್ಟೆಲ್ಲ ಏರುಪೇರಿನ ನಡುವೆ ಒಂದು ಮಾತು ಮಾತ್ರ ಎಳ್ಳಷ್ಟೂ ಅಲುಗದೆ ನಿಂತಿದೆ. ಆಪರೇಷನ್ನಿನ ಹಿಂದಿನ ಸಂಜೆ ವಾರ್ಡಿನ ಬಾಗಿಲಲ್ಲಿ ನಿಂತು ಸಿಸ್ಟರ್ ಹೇಳುವ ಮಾತು ಅದು: “ರಾತ್ರಿ ಹನ್ನೆರಡರ ಮ್ಯಾಲೆ ಏನೂ ತಿನ್ನಬ್ಯಾಡ್ರಿ, ಏನೂ ಕುಡೀಬ್ಯಾಡ್ರಿ. ನೀರೂ ಬ್ಯಾಡ.”

ಕೇಸ್ ಶೀಟಿನಲ್ಲಿ ಇದನ್ನು ಎನ್‌ಪಿಓ ಎಂಬ ಮೂರಕ್ಷರದ ಬೀಜಮಂತ್ರವಾಗಿ ಬರೆಯುತ್ತಾರೆ. ಬಾಯಿಂದ ಏನೂ ಒಳಗೆ ಹೋಗಕೂಡದು ಎಂಬುದು ತಾತ್ಪರ್ಯ. ಯಾವ ಆಸ್ಪತ್ರೆಯಲ್ಲಿ ಎಂದು ಕೇಳಬೇಡಿ. ಸರ್ಕಾರಿ ಆಸ್ಪತ್ರೆ, ಖಾಸಗಿ ಆಸ್ಪತ್ರೆ, ಮೆಡಿಕಲ್ ಶಾಪಿನ ಮೇಲಿನ ಮಹಡಿಯಲ್ಲಿರುವ ಹತ್ತು ಹಾಸಿಗೆಯ ನರ್ಸಿಂಗ್ ಹೋಮು, ಎಲ್ಲೆಡೆ ಇದಕ್ಕೆ ಭಕ್ತರಿದ್ದಾರೆ. ಲಂಡನ್ನು, ನ್ಯೂಯಾರ್ಕಿನಲ್ಲೂ ಇದ್ದಾರೆ. ಇಂಥ ಸರ್ವಾಂತರ್ಯಾಮಿಗೆ ಕನ್ನಡದಲ್ಲಿ ಒಂದು ಮಹಾತ್ಮೆ ಇಲ್ಲದಿರುವುದು ನಮ್ಮ ಸಾಹಿತ್ಯಕ್ಕೇ ಕುಂದು.

ಇದನ್ನು ಬರೆಯಲು ಬಳ್ಳಾರಿಗಿಂತ ತಕ್ಕ ಕ್ಷೇತ್ರವೂ ಇಲ್ಲ. ಸಿರುಗುಪ್ಪ ಸೋನಾ ಮಸೂರಿಯ ಕಣಜ. ಅದೇ ತಾಲ್ಲೂಕಿನ ದೇಶನೂರಿನಲ್ಲಿ ಸಕ್ಕರೆ ಕಾರ್ಖಾನೆಯೂ ಎದ್ದಿತ್ತು. ಅಕ್ಕಿ ಲಾರಿಗಟ್ಟಲೆ ಹೊರಡುವ, ಸಕ್ಕರೆಯೂ ಹೊರಟಿದ್ದ ನೆಲದ ಮನುಷ್ಯ ಬಳ್ಳಾರಿಯ ವಾರ್ಡಿನಲ್ಲಿ ಒಂದು ಲೋಟ ಸಕ್ಕರೆನೀರಿಲ್ಲದೆ ಒಣತುಟಿ ಸವರುತ್ತ ಮಲಗುವುದರಲ್ಲಿ ದೊಡ್ಡ ವೈರಾಗ್ಯವಿದೆ. ಮೇ ತಿಂಗಳಲ್ಲಿ ಬಿಸಿಲು ನಲವತ್ತು ಡಿಗ್ರಿ ದಾಟಿ ಫ್ಯಾನು ಬಿಸಿಗಾಳಿ ಬೀಸುವಾಗ ಆ ವೈರಾಗ್ಯ ಇನ್ನಷ್ಟು ಪಕ್ವವಾಗುತ್ತದೆ.

ಮೊದಲು ಈ ನಿಯಮದ ಸಮದೃಷ್ಟಿಯನ್ನು ಕೊಂಡಾಡಬೇಕು. ಬೆಳಗ್ಗೆ ಎಂಟಕ್ಕೆ ಟೇಬಲ್ ಹತ್ತುವ ಮೊದಲ ಕೇಸಿಗೂ ರಾತ್ರಿ ಹನ್ನೆರಡೇ, ಮಧ್ಯಾಹ್ನ ಮೂರಕ್ಕೆ ಹತ್ತುವ ಕೊನೆಯ ಕೇಸಿಗೂ ರಾತ್ರಿ ಹನ್ನೆರಡೇ. ಮೇಲು ಕೀಳಿಲ್ಲ, ಬಡವ ಬಲ್ಲಿದನೆಂಬ ಭೇದವಿಲ್ಲ. ಒಬ್ಬನಿಗೆ ಎಂಟು ತಾಸು, ಇನ್ನೊಬ್ಬನಿಗೆ ಹದಿನೈದು ತಾಸು ಎಂದು ಲೆಕ್ಕ ಹಾಕುವವರು ಸಂಕುಚಿತ ಮನಸ್ಸಿನವರು. ಅವರು ಲೆಕ್ಕವನ್ನೂ ಸರಿಯಾಗಿ ಹಾಕುವುದಿಲ್ಲ. ಹಳ್ಳಿಯ ಜನ ರಾತ್ರಿ ಹನ್ನೆರಡರವರೆಗೆ ಕಾದುಕೊಂಡು ಉಣ್ಣುವುದಿಲ್ಲ; ಏಳೂವರೆಗೆ ಬುತ್ತಿ ಬಿಚ್ಚಿ ಎಂಟಕ್ಕೆ ಮಲಗಿರುತ್ತಾರೆ. ಮೂರು ಗಂಟೆಯ ಕೇಸಿಗೆ ಅಲ್ಲಿಗೆ ಹತ್ತೊಂಬತ್ತು ತಾಸು ದಾಟಿತು. ಲಿಸ್ಟಿನ ಕೊನೆಯಲ್ಲಿ ಹೆಸರಿರುವವನದು ತುಂಗಭದ್ರಾ ಕೆಳಮಟ್ಟದ ಕಾಲುವೆಯ ಟೇಲ್‌ಎಂಡ್ ರೈತನ ಪಾಡು. ಮೇಲಿನವರದೆಲ್ಲ ಮುಗಿದ ಮೇಲೆ ಅವನ ಸರದಿ, ಅದೂ ಬಂದರೆ ಬಂತು. ನಾಲ್ಕು ಗಂಟೆಗೆ “ಇವತ್ತಾಗಂಗಿಲ್ಲ, ನಾಳಿ ಮಾಡ್ತಾರ” ಎಂದು ಸುದ್ದಿ ಬಂದರೆ ಗಬಗಬನೆ ಉಂಡು, ಅದೇ ರಾತ್ರಿ ಹನ್ನೆರಡಕ್ಕೆ ಮತ್ತೆ ಬಾಯಿ ಹೊಲಿದುಕೊಳ್ಳುತ್ತಾನೆ. ಇಷ್ಟು ಸಾಧನೆ ಹಿಂದೆ ಋಷಿಗಳಿಗಷ್ಟೇ ಸಾಧ್ಯವಿತ್ತು.

ನಮ್ಮ ದೇವರುಗಳಾದರೂ ಈ ಮಟ್ಟಕ್ಕೆ ಏರಿದವರಲ್ಲ. ಏಕಾದಶಿಯ ದಿನ ಅವಲಕ್ಕಿ, ಹಣ್ಣು, ಹಾಲು ಎಂದು ನೂರೆಂಟು ವಿನಾಯಿತಿ. ಶಿವರಾತ್ರಿಗೂ ಹಣ್ಣುಹಂಪಲು ನಡೆಯುತ್ತದೆ. ರಂಜಾನಿನ ರೋಜಾ ನೀರನ್ನೂ ಬಿಡಿಸುವ ಕಠಿಣ ವ್ರತ, ಆದರೆ ಅಲ್ಲೂ ಕಾಯಿಲೆಯವರಿಗೆ ಬಿಡುವು ಉಂಟು. ಕಾಯಿಲೆಯವರನ್ನೇ ಹುಡುಕಿ ಹಿಡಿದು ವ್ರತ ಮಾಡಿಸುವ ಧರ್ಮ ಭೂಮಿಯ ಮೇಲೆ ಇದೊಂದೇ.

ಇಷ್ಟು ದೊಡ್ಡ ಧರ್ಮಕ್ಕೆ ಮೂಲಪುರುಷ ಯಾರು? ಶಸ್ತ್ರಚಿಕಿತ್ಸೆಯಲ್ಲಿ ಕ್ರಿಮಿನಾಶಕದ ದಾರಿ ತೋರಿಸಿದ ಜೋಸೆಫ್ ಲಿಸ್ಟರ್ ಅಂತೂ ಅಲ್ಲ. ಆ ಮನುಷ್ಯ 1883ರಲ್ಲಿ, ಕ್ಲೋರೋಫಾರಂ ಕೊಡುವ ಮುಂಚೆ ಹೊಟ್ಟೆಯಲ್ಲಿ ಗಟ್ಟಿ ಪದಾರ್ಥ ಬೇಡ, ಆದರೆ ಎರಡು ತಾಸು ಮೊದಲು ಒಂದು ಕಪ್ ಟೀ ಕೊಟ್ಟರೆ ಒಳ್ಳೆಯದು ಎಂದು ಬರೆದುಬಿಟ್ಟ. ಸ್ವಲ್ಪ ಅವಸರದ ಮನುಷ್ಯ. ನೂರಕ್ಕೂ ಹೆಚ್ಚು ವರ್ಷ ತಡೆದಿದ್ದರೆ ಹೊಸ ಸಂಶೋಧನೆ ಎಂದು ಕರೆಸಿಕೊಳ್ಳಬಹುದಿತ್ತು.

ನಿಜವಾದ ಆಧಾರಗ್ರಂಥ ಬಂದದ್ದು 1946ರಲ್ಲಿ. ನಮ್ಮ ರಂಗನಟ ಬಳ್ಳಾರಿ ರಾಘವ ತೀರಿಕೊಂಡ ವರ್ಷ. ನ್ಯೂಯಾರ್ಕಿನ ಹೆರಿಗೆ ಡಾಕ್ಟರು ಕರ್ಟಿಸ್ ಮೆಂಡೆಲ್‌ಸನ್ 1932ರಿಂದ 1945ರವರೆಗಿನ 44,016 ಹೆರಿಗೆಗಳ ದಾಖಲೆ ತೆಗೆದು, ಅರಿವಳಿಕೆಯಲ್ಲಿದ್ದಾಗ ಹೊಟ್ಟೆಯಲ್ಲಿದ್ದದ್ದು ವಾಂತಿಯಾಗಿ ಶ್ವಾಸಕೋಶಕ್ಕೆ ಇಳಿದ 66 ಪ್ರಕರಣಗಳನ್ನು ವರದಿ ಮಾಡಿದರು. ಆ ಅಪಾಯ ಸುಳ್ಳಲ್ಲ. ಪ್ರಜ್ಞೆ ತಪ್ಪಿದವರಿಗೆ ಕೆಮ್ಮಿ ಹೊರಹಾಕುವ ಶಕ್ತಿ ಇರುವುದಿಲ್ಲ. ಜಠರದ ಆಮ್ಲ ಶ್ವಾಸಕೋಶವನ್ನು ಸುಡುತ್ತದೆ. ಅವರ ಲೆಕ್ಕದಲ್ಲಿ ಸತ್ತವರು ಇಬ್ಬರು. ಇಬ್ಬರೂ ಗಟ್ಟಿ ಆಹಾರ ಸಿಕ್ಕಿಕೊಂಡು ಉಸಿರು ಕಟ್ಟಿ ಸತ್ತವರು. ಇದರಿಂದ ಲೋಕ ತೆಗೆದ ನಿರ್ಣಯ: ನೀರು ಕುಡಿಯಬಾರದು. ಹೆರಿಗೆ ನೋವಿನ ಹೆಂಗಸಿಗೆ ಮುಖಕ್ಕೆ ಮಾಸ್ಕ್ ಹಿಡಿದು ಈಥರ್ ಕೊಡುತ್ತಿದ್ದ ಕಾಲದ ಮಾತನ್ನು, ಕುರುಗೋಡಿನಿಂದ ಹರ್ನಿಯಾ ಆಪರೇಷನ್ನಿಗೆ ಬಂದ ಗಂಡಸಿಗೂ ಅನ್ವಯಿಸುವುದು ಸಾಮಾನ್ಯ ಪ್ರತಿಭೆಗೆ ಸಾಧ್ಯವಾಗುವ ಕೆಲಸವಲ್ಲ.

ನಿಯಮದ ವಿರೋಧಿಗಳು ಆಮೇಲೆ ಹುಟ್ಟಿಕೊಂಡರು. ನೀರು ಹೊಟ್ಟೆಯಲ್ಲಿ ಠಾಣೆ ಹೂಡುವುದಿಲ್ಲ, ಅರ್ಧದಷ್ಟು ಇಪ್ಪತ್ತು ನಿಮಿಷದೊಳಗೆ ಕೆಳಗಿಳಿದಿರುತ್ತದೆ ಎಂದು ಅಳೆದು ತೋರಿಸಿದರು. 1993ರಲ್ಲಿ ನಾರ್ವೆ, 1999ರಲ್ಲಿ ಅಮೆರಿಕದ ಅರಿವಳಿಕೆ ತಜ್ಞರ ಸಂಘ, ಎರಡು ತಾಸು ಮುಂಚಿನವರೆಗೆ ತಿಳಿ ದ್ರವ ಕುಡಿಯಬಹುದೆಂದವು. ಹಗುರ ತಿಂಡಿಗೆ ಆರು ತಾಸು, ಎಣ್ಣೆ ಜಿಡ್ಡಿನ ಊಟಕ್ಕೆ ಎಂಟು ತಾಸು, ನೀರಿಗೆ ಎರಡು ತಾಸು: ಗಡಿಯಾರವನ್ನು ಹೀಗೆ ಮೂರು ಹೋಳು ಮಾಡಿದರು. ಲೋಟದ ಆಚೆ ಕಾಣುವಂಥದ್ದು ತಿಳಿ ದ್ರವ: ನೀರು, ಹಾಲಿಲ್ಲದ ಚಾ, ತಿರುಳಿಲ್ಲದ ಹಣ್ಣಿನ ರಸ. ಮಜ್ಜಿಗೆ, ಗಂಜಿ, ಹಾಲು ಹಾಕಿದ ಚಾ ಇದರಲ್ಲಿ ಸೇರುವುದಿಲ್ಲ. ಇಷ್ಟನ್ನೆಲ್ಲ ವಾರ್ಡಿನಲ್ಲಿ ಒಬ್ಬೊಬ್ಬರಿಗೂ ಬಿಡಿಸಿ ಹೇಳುತ್ತ ಕೂರುವುದೆಂದರೇನು? “ಹನ್ನೆರಡರ ಮ್ಯಾಲೆ ಬ್ಯಾಡ” ಎಂದರೆ ಇಪ್ಪತ್ತು ಹಾಸಿಗೆಗೆ ಒಂದೇ ಉಸಿರಿನಲ್ಲಿ ಮುಗಿಯಿತು. ರೋಗಿಯ ಹೊಟ್ಟೆಯ ಅನುಕೂಲಕ್ಕಾಗಿ ಹುಟ್ಟಿದ್ದೆಂದು ಕೆಲವರು ತಿಳಿದಿರುವ ನಿಯಮ ಆಪರೇಷನ್ ಥಿಯೇಟರಿನ, ಎಂದರೆ ಓಟಿಯ, ಲಿಸ್ಟಿನ ಅನುಕೂಲಕ್ಕಾಗಿ ಬಾಳಿದೆ. ಯಾರ ಕೇಸು ಯಾವಾಗ ಮೇಲೆ ಬರುತ್ತದೋ, ಯಾರಿಗೆ ಗೊತ್ತು? ಎಲ್ಲರೂ ಒಣಗಿದ್ದರೆ ಯಾರನ್ನು ಬೇಕಾದರೂ ಎತ್ತಿಕೊಳ್ಳಬಹುದು.

ಈ ದಂಗೆಯಲ್ಲಿ ಬಳ್ಳಾರಿಯ ಕೈಯೂ ಇತ್ತೆಂಬುದು ಸಂಕಟದ ಸಂಗತಿ. 2020ರಲ್ಲಿ ಭಾರತೀಯ ಅರಿವಳಿಕೆ ತಜ್ಞರ ಸಂಘ ಆಪರೇಷನ್ ಮುಂಚಿನ ಉಪವಾಸದ ಬಗ್ಗೆ ತನ್ನದೇ ಮಾರ್ಗಸೂಚಿಯನ್ನು ‘ಇಂಡಿಯನ್ ಜರ್ನಲ್ ಆಫ್ ಅನೆಸ್ತೀಸಿಯಾ’ದಲ್ಲಿ ಪ್ರಕಟಿಸಿತು. ತಿಳಿ ದ್ರವಕ್ಕೆ ಎರಡೇ ತಾಸು ಎಂದು ಅಲ್ಲೂ ಬರೆದಿದೆ. ಅದರ ಲೇಖಕರಲ್ಲಿ ಎಸ್. ಬಾಲ ಭಾಸ್ಕರ್ ಒಬ್ಬರು. ಊರೆಲ್ಲ ವಿಮ್ಸ್ ಎಂದೇ ಕರೆಯುವ ನಮ್ಮ ಮೆಡಿಕಲ್ ಕಾಲೇಜಿನ ಅರಿವಳಿಕೆ ವಿಭಾಗದವರು, ಆ ಜರ್ನಲ್ಲಿನ ಸಂಪಾದಕರೂ ಆಗಿದ್ದವರು. ಇಡೀ ದೇಶಕ್ಕೆ ನೀರು ಕುಡಿಯಿರಿ ಎಂದು ಹೇಳುವ ಬರಹ ಈ ಬಿಸಿಲೂರಿನ ನಂಟಿನಿಂದಲೇ ಹೋಯಿತು. ಆದರೂ ಮಧ್ಯರಾತ್ರಿ ನಿಯಮ ಬೆದರಲಿಲ್ಲ. ಜರ್ನಲ್ಲು ಲೈಬ್ರರಿಯಲ್ಲಿ, ನಿಯಮ ವಾರ್ಡಿನಲ್ಲಿ. ಎರಡೂ ಒಂದನ್ನೊಂದು ನೋಯಿಸದೆ ಸುಖವಾಗಿವೆ.

ಇಷ್ಟಕ್ಕೇ ನಿಂತಿದ್ದರೆ ಆಗುತ್ತಿತ್ತು. ಸ್ವೀಡನ್ನಿನವರು ನೀರಿನಿಂದ ತೃಪ್ತರಾಗದೆ ಸಿಹಿ ಕುಡಿಸಲು ಹೊರಟರು. 1990ರ ದಶಕದಲ್ಲಿ ಸ್ಟಾಕ್‌ಹೋಮಿನ ಓಲೆ ಯುಂಗ್‌ಕ್ವಿಸ್ಟ್ ಮತ್ತು ಸಂಗಡಿಗರ ವಾದ ಹೀಗಿತ್ತು: ರಾತ್ರಿಯೆಲ್ಲ ಹಸಿದ ದೇಹ ಲಿವರಿನ ಸಕ್ಕರೆ ದಾಸ್ತಾನನ್ನು ಕರಗಿಸಿಕೊಂಡು ಬರಗಾಲದ ಮನಃಸ್ಥಿತಿಯಲ್ಲಿರುತ್ತದೆ. ಅದರ ಮೇಲೆ ಕತ್ತರಿ ಬಿದ್ದರೆ ಕಾರ್ಟಿಸಾಲ್, ಅಡ್ರಿನಲಿನ್, ಗ್ಲುಕಗಾನ್ ಎಲ್ಲ ಒಟ್ಟಿಗೆ ಎದ್ದು ಕೂರುತ್ತವೆ. ಸ್ನಾಯುಗಳು ಇನ್ಸುಲಿನ್ನಿನ ಮಾತು ಕೇಳುವುದನ್ನು ಬಿಡುತ್ತವೆ, ಲಿವರು ರಕ್ತಕ್ಕೆ ಸಕ್ಕರೆ ಸುರಿಯುತ್ತದೆ. ಅದಕ್ಕೇ ಅವರು 12.5 ಪರ್ಸೆಂಟಿನ ಕಾರ್ಬೊಹೈಡ್ರೇಟ್ ಪಾನೀಯ ಹಿಂದಿನ ರಾತ್ರಿ 800 ಮಿಲಿ, ಬೆಳಗ್ಗೆ ಎರಡು ತಾಸು ಮುಂಚೆ 400 ಮಿಲಿ ಕೊಟ್ಟು, ದೇಹ ಉಂಡ ಸ್ಥಿತಿಯಲ್ಲೇ ಟೇಬಲ್ ಹತ್ತುವಂತೆ ಮಾಡಿದರು. ಆ 400 ಮಿಲಿಯಲ್ಲಿ 50 ಗ್ರಾಂ ಪಿಷ್ಟ; ಹತ್ತು ಚಮಚ ಸಕ್ಕರೆಯ ತೂಕ. ಆದರೆ ಸಕ್ಕರೆಯಲ್ಲ, ಮಾಲ್ಟೋಡೆಕ್ಸ್‌ಟ್ರಿನ್. ಮೆಕ್ಕೆಜೋಳ, ಅಕ್ಕಿ, ಆಲೂಗಡ್ಡೆಯ ಪಿಷ್ಟವನ್ನು ತುಂಡರಿಸಿ ಮಾಡಿದ್ದು. ಅಣುಗಳು ಉದ್ದವಿರುವುದರಿಂದ ನೀರಿನಲ್ಲಿ ಅದರ ಆಸ್ಮಾಟಿಕ್ ಒತ್ತಡ ಸುಮಾರು ರಕ್ತದ ಮಟ್ಟದಲ್ಲೇ ಇದ್ದು, ಹೊಟ್ಟೆಯಿಂದ ಬೇಗ ಇಳಿಯುತ್ತದೆ.

ನಮ್ಮಲ್ಲಿ ಇದೇ ನಾಟಕ ಸಿಹಿಯಿಲ್ಲದೆಯೇ ನಡೆಯುತ್ತದೆ. ಕುರುಗೋಡಿನ ದೊಡ್ಡ ಬಸವೇಶ್ವರನಿಗೆ ಹರಕೆ ಹೊತ್ತು ಗರ್ಭಕೋಶದ ಆಪರೇಷನ್ನಿಗೆ ಬಂದ ಹೆಂಗಸು ಎಂದಿಟ್ಟುಕೊಳ್ಳಿ. ಜನ್ಮದಲ್ಲಿ ಶುಗರ್ ಇಲ್ಲ. ಹದಿನೇಳು ತಾಸು ಹೊಟ್ಟೆಗೆ ಏನೂ ಇಲ್ಲ. ಆಪರೇಷನ್ ಆದ ರಾತ್ರಿ ಬೆರಳು ಚುಚ್ಚಿ ನೋಡಿದರೆ ಮೀಟರಿನಲ್ಲಿ ಇನ್ನೂರರ ಹತ್ತಿರ. “ಅಕ್ಕಾ, ನಿಮಗ ಶುಗರ್ ಐತೇನು?” “ಇಲ್ಲವ್ವ, ನಮ್ಮ ಅತ್ತಿಗಿತ್ತು.” ಅಲ್ಲಿಗೆ ಅತ್ತೆಯಿಂದ ಸೊಸೆಗೆ ರಕ್ತಸಂಬಂಧವಿಲ್ಲದೆಯೂ ಸಕ್ಕರೆ ಕಾಯಿಲೆ ಹರಿದು ಬರುತ್ತದೆ. ತಿನ್ನದವಳ ಮೈಯಲ್ಲಿ ಸಕ್ಕರೆ ಉಕ್ಕಿಸುವ ಈ ಪವಾಡಕ್ಕೆ ಹಣೆ ಮಣಿಯದಿರುವುದು ಹೇಗೆ?

ಪವಾಡದ ಶಿಖರ ಬೇಕಿದ್ದರೆ ಶುಗರ್ ಪೇಶೆಂಟಿನ ಹಾಸಿಗೆಯ ಹತ್ತಿರ ಹೋಗಬೇಕು. 2023ರಲ್ಲಿ ಪ್ರಕಟವಾದ ಐಸಿಎಂಆರ್ ಅಧ್ಯಯನದ ಪ್ರಕಾರ ದೇಶದಲ್ಲಿ ಇವರು 10.1 ಕೋಟಿ, ಆದ್ದರಿಂದ ಹುಡುಕುವ ಶ್ರಮವಿಲ್ಲ. ಸಿರುಗುಪ್ಪ ಕಡೆಯ ಒಬ್ಬ ಅಜ್ಜನನ್ನು ಊಹಿಸಿಕೊಳ್ಳಿ. ಗದ್ದೆಯ ಕೆಸರಿನಲ್ಲಿ ಕಾಲಿಗೆ ಏನೋ ಚುಚ್ಚಿ, ಸ್ಪರ್ಶವಿಲ್ಲದ ಪಾದಕ್ಕೆ ಅದು ಗೊತ್ತಾಗದೆ, ಹುಣ್ಣು ಕೀವಾಗಿ ಬಂದಿದ್ದಾನೆ. ಶುಗರ್ ಇದ್ದವರನ್ನು ಲಿಸ್ಟಿನಲ್ಲಿ ಮೊದಲು ತೆಗೆದುಕೊಳ್ಳಿ ಎಂಬುದು ಒಂದು ನಿಯಮ, ಹೆಚ್ಚು ಹೊತ್ತು ಹಸಿದಿರಬಾರದೆಂದು. ಕೀವಿನ ಕೇಸನ್ನು ಕೊನೆಗೆ ತೆಗೆದುಕೊಳ್ಳಿ ಎಂಬುದು ಇನ್ನೊಂದು ನಿಯಮ, ಓಟಿ ಕೆಡಬಾರದೆಂದು. ಅಜ್ಜನ ಶುಗರ್ ಅವನೊಬ್ಬನದು, ಓಟಿ ಎಲ್ಲರದು. ಅಜ್ಜ ಕೊನೆಗೆ ಹೋದ.

ಬೆಳಗ್ಗೆ ಆರಕ್ಕೆ ಅಜ್ಜಿ ವೇಳಾಪಟ್ಟಿಯಂತೆ ತಪ್ಪದೆ ಮಾತ್ರೆಯ ಡಬ್ಬಿ ತೆಗೆದು ಗ್ಲಿಮೆಪಿರೈಡ್ ಕೊಟ್ಟಳು. ಯಾರೂ ಬೇಡವೆಂದು ಹೇಳಿರಲಿಲ್ಲ. ತಿನ್ನಬೇಡ, ಕುಡಿಯಬೇಡ ಎಂದಿದ್ದರು, ಮಾತ್ರೆಯ ಮಾತು ಆ ವಾಕ್ಯದಲ್ಲಿ ಇರಲಿಲ್ಲ. ಒಣಗಂಟಲಿನಲ್ಲೇ ಅಜ್ಜ ಅದನ್ನು ನುಂಗಿದ. ಹನ್ನೊಂದರ ಹೊತ್ತಿಗೆ ಮೈ ಬೆವೆತು ಕೈ ನಡುಗತೊಡಗಿತು. ಹಾಸಿಗೆ ತೊಯ್ದದ್ದನ್ನು ಕಂಡು ಅಜ್ಜಿ ಸೆಖೆ ಎಂದುಕೊಂಡು ಟವಲ್ಲಿನಿಂದ ಗಾಳಿ ಹಾಕಿದಳು. ಚುಚ್ಚಿ ನೋಡಿದರೆ 52. ಓಡಿಬಂದು 25 ಪರ್ಸೆಂಟಿನ ಡೆಕ್ಸ್‌ಟ್ರೋಸ್ ಏರಿಸಿದರು. ಬಾಯಿಂದ ನಿಷಿದ್ಧವಾದ ಸಕ್ಕರೆ ರಕ್ತನಾಳದಿಂದ ಪ್ರಸಾದವಾಯಿತು. ಕಣ್ಣು ಬಿಟ್ಟ ಅಜ್ಜನನ್ನು ಎರಡು ಗಂಟೆಗೆ ಮತ್ತೆ ಚುಚ್ಚಿದಾಗ 260. 180ರ ಒಳಗಿರಬೇಕಿತ್ತು. “ಏನಜ್ಜಾ, ಕದ್ದು ಸ್ವೀಟ್ ತಿಂದೇನು?” ಶುಗರ್ ಕಂಟ್ರೋಲ್ ಇಲ್ಲವೆಂದು ಕೇಸು ಮುಂದಕ್ಕೆ ಹೋಯಿತು. ಶೀಟಿನಲ್ಲಿ ಮತ್ತೆ ಅದೇ ಮೂರಕ್ಷರ ಬಿತ್ತು.

ಇದೇ ಅಜ್ಜ ಮೂತ್ರದಲ್ಲಿ ಸಕ್ಕರೆ ಇಳಿಸುವ ಡಾಪಾಗ್ಲಿಫ್ಲೋಜಿನ್ ನುಂಗುತ್ತಿದ್ದರೆ ಮಹಿಮೆ ಇನ್ನೂ ಗೂಢ. 2020ರಲ್ಲಿ ಪೇಟೆಂಟ್ ಮುಗಿದು ಅಗ್ಗವಾದ ಮೇಲೆ ಅದು ಹಳ್ಳಿಯ ಡಬ್ಬಿಗಳಿಗೂ ಇಳಿದಿದೆ. ಆಪರೇಷನ್ನಿಗೆ ಮೂರ್ನಾಲ್ಕು ದಿನ ಮುಂಚೆಯೇ ಅದನ್ನು ನಿಲ್ಲಿಸಬೇಕು. ಇಲ್ಲವಾದರೆ ಉಪವಾಸದಲ್ಲಿ ರಕ್ತ ಕೀಟೋನಿನಿಂದ ಹುಳಿಯಾಗಬಹುದು, ಮೀಟರಿನಲ್ಲಿ ಸಕ್ಕರೆ ಅಷ್ಟೇನೂ ಏರದೆಯೂ. ರಾತ್ರಿ ಹನ್ನೆರಡರ ನಿಯಮ ಇಂಥ ಸಣ್ಣ ವಿಚಾರಕ್ಕೆ ತಲೆ ಹಾಕುವುದಿಲ್ಲ.

ಹಾಗಾದರೆ ಅಜ್ಜನಿಗೆ ಸ್ವೀಡನ್ನಿನ ಸಿಹಿ ಕುಡಿಸಿಬಿಡೋಣವೇ? ಇಲ್ಲಿ ವಿರೋಧಿ ಪಾಳಯದ ಬಲಹೀನತೆ ಬಯಲಾಗುತ್ತದೆ. ಅವರಲ್ಲೇ ಒಮ್ಮತವಿಲ್ಲ. ವರ್ಷಗಟ್ಟಲೆ ಶುಗರ್ ಇದ್ದವರಲ್ಲಿ ಹೊಟ್ಟೆಯ ನರಗಳೂ ಸೋತು ಆಹಾರ ನಿಧಾನವಾಗಿ ಇಳಿಯಬಹುದು. ಕುಡಿದ 50 ಗ್ರಾಂ ಪಿಷ್ಟ ಟೇಬಲ್ ಹತ್ತುವ ಹೊತ್ತಿಗೆ ಸಕ್ಕರೆಯನ್ನು ಮೇಲೇರಿಸಬಹುದು. ಇನ್ಸುಲಿನ್ ತೆಗೆದುಕೊಳ್ಳುವವರಿಗಂತೂ ಲೆಕ್ಕವೇ ಬೇರೆ. ಆದ್ದರಿಂದ ಒಬ್ಬೊಬ್ಬ ರೋಗಿಯನ್ನೂ ನೋಡಿ, ಮೂರು ತಿಂಗಳ ಶುಗರ್ ಸರಾಸರಿ ನೋಡಿ, ಅರಿವಳಿಕೆ ಡಾಕ್ಟರೇ ತೀರ್ಮಾನಿಸಬೇಕಂತೆ. ಒಬ್ಬೊಬ್ಬರನ್ನೂ ನೋಡುವುದು! ಮಧ್ಯರಾತ್ರಿ ನಿಯಮ ಇಂಥ ದುರ್ಗತಿಗೆ ಎಂದೂ ಇಳಿದಿಲ್ಲ.

ಶುಗರ್ ಇಲ್ಲದವರ ವಿಷಯದಲ್ಲೂ ಆ ಪಾನೀಯ ಅಮೃತವೇನಲ್ಲ. 2014ರ ಕಾಕ್ರೇನ್ ಪರಿಶೀಲನೆ 27 ಪ್ರಯೋಗಗಳ 1,976 ಜನರ ಲೆಕ್ಕ ಕೂಡಿ ನೋಡಿತು. ಆಸ್ಪತ್ರೆವಾಸ ಸುಮಾರು 0.3 ದಿನ, ಎಂದರೆ ಏಳು ತಾಸು ಕಡಿಮೆಯಾಯಿತು. ತೊಡಕುಗಳಲ್ಲಿ ವ್ಯತ್ಯಾಸ ಕಾಣಲಿಲ್ಲ. ಪಿಷ್ಟವಿಲ್ಲದ ಹುಸಿ ಪಾನೀಯ ಕುಡಿದವರೊಂದಿಗೆ ಹೋಲಿಸಿದಾಗ ಆ ಏಳು ತಾಸೂ ಕರಗಿತು. ಎಂದರೆ ಉಪಕಾರದ ದೊಡ್ಡ ಪಾಲು ಬಾಯಿ ಒಣಗಿಸದೆ ಬಿಟ್ಟದ್ದರಲ್ಲೇ ಇರಬಹುದು. ನಲ್ಲಿನೀರಿಗೂ ಅದು ಸಲ್ಲಬಹುದು. ಇದನ್ನು ಬಾಯಿಬಿಟ್ಟು ಹೇಳಿದರೆ ಆ ಪಾನೀಯವನ್ನು ನಿಂಬೆ ವಾಸನೆಯ ಸ್ಯಾಶೆಯಲ್ಲಿ ಮಾರುವವರ ಹೊಟ್ಟೆಯ ಮೇಲೆ ಹೊಡೆದಂತಾಗುತ್ತದೆ, ಅದಕ್ಕೆ ಮೆಲ್ಲಗೆ ಹೇಳಿದ್ದೇನೆ. ಆ ಸ್ಯಾಶೆಯ ಭವಿಷ್ಯ ಉಜ್ವಲವಾಗಿದೆ. ಬಿಲ್ಲಿನಲ್ಲಿ ಒಂದು ಸಾಲು ಹೆಚ್ಚಿಸುತ್ತದೆ, ಹೊಸ ವಿಜ್ಞಾನ ಬಂತೆಂಬ ತೃಪ್ತಿ ಕೊಡುತ್ತದೆ. ಬೆಲೆಯಿಲ್ಲದ ನೀರಿಗೆ ಈ ಎರಡೂ ಯೋಗ್ಯತೆಯಿಲ್ಲ. ನನ್ನ ಅಂದಾಜಿನಲ್ಲಿ ಸ್ಪೆಷಲ್ ವಾರ್ಡಿಗೆ ಸ್ಯಾಶೆ, ಜನರಲ್ ವಾರ್ಡಿಗೆ ಹನ್ನೆರಡು ಗಂಟೆ ಎಂಬ ಸೌಹಾರ್ದ ಒಪ್ಪಂದ ಹೆಚ್ಚು ದೂರವಿಲ್ಲ.

ನಿಯಮ ನಮ್ಮ ಜನರಿಗೆ ಕಲಿಸಿದ ಚಾತುರ್ಯವನ್ನೂ ನೆನೆಯಬೇಕು. ನೀರೂ ಬೇಡವೆಂದವರ ಮಾತಿನಲ್ಲಿ ಹುರುಳಿಲ್ಲವೆಂದು ಅನುಮಾನ ಬಂದ ಕೂಡಲೇ ಜನ ತಿಂಡಿ ಬೇಡವೆಂದದ್ದರಲ್ಲೂ ಹುರುಳಿಲ್ಲ ಎಂದು ತೀರ್ಮಾನಿಸುತ್ತಾರೆ. ಗೇಟಿನಾಚೆ ಬೆಳಗ್ಗೆ ಏಳಕ್ಕೇ ಬಾಣಲೆ ಕಾಯುತ್ತಿರುತ್ತದೆ. ಬಳ್ಳಾರಿಯ ಒಗ್ಗರಣೆ ಮಿರ್ಚಿಯ ಘಮಕ್ಕೆ ಮೂರನೇ ಮಹಡಿಯೂ ಎತ್ತರವಲ್ಲ. ಮಗ ಕಾಗದದಲ್ಲಿ ಸುತ್ತಿ ತಂದದ್ದನ್ನು ಅಪ್ಪ ಬಚ್ಚಲಲ್ಲಿ ನಿಂತು ತಿಂದು, ಬಾಯಿ ಒರೆಸಿಕೊಂಡು ಬಂದು, “ಏನೂ ತಿಂದಿಲ್ರೀ ಡಾಕ್ಟ್ರೇ” ಎಂದು ದೇವರಾಣೆ ಹಾಕುತ್ತಾನೆ. ಮೆಂಡೆಲ್‌ಸನ್ ಹೆದರಿದ್ದು ಇದಕ್ಕೇ, ನೀರಿಗಲ್ಲ. ಎಣ್ಣೆಯಲ್ಲಿ ಕರಿದ ಮಿರ್ಚಿ ಎಂಟು ತಾಸು ಕೇಳುವ ಪದಾರ್ಥ. ಒಂದು ಲೋಟ ನೀರು ಉಳಿಸಲು ಹೋಗಿ ನಾಲ್ಕು ಮಿರ್ಚಿ ಒಳಗೆ ಬಿಟ್ಟುಕೊಳ್ಳುವ ಔದಾರ್ಯ ಇನ್ನಾವ ಕಾನೂನಿಗಿದೆ?

ಓದುಗರಲ್ಲಿ ಒಂದು ವಿನಂತಿಯಷ್ಟೇ ಉಳಿದಿದೆ. ನೀವೋ ನಿಮ್ಮ ಮನೆಯವರೋ ಆಪರೇಷನ್ನಿಗೆ ಅಡ್ಮಿಟ್ ಆದರೆ ಹಿಂದಿನ ದಿನ ಅರಿವಳಿಕೆ ಡಾಕ್ಟರು ನೋಡಲು ಬರುತ್ತಾರೆ. ಆಗ ಲಿಸ್ಟಿನಲ್ಲಿ ನಮ್ಮದು ಎಷ್ಟನೆಯದು, ಎಷ್ಟು ಗಂಟೆಯವರೆಗೆ ನೀರು ಕುಡಿಯಬಹುದು, ಬೆಳಗಿನ ಶುಗರ್ ಮಾತ್ರೆ ಮತ್ತು ಇನ್ಸುಲಿನ್ ಏನು ಮಾಡಬೇಕು, ಸರದಿ ತಡವಾದರೆ ಯಾರನ್ನು ಕೇಳಬೇಕು ಎಂದು ದಯವಿಟ್ಟು ಯಾರೂ ಕೇಳಬೇಡಿ. ಕೇಳಿದರೆ ಅವರು ಹೇಳಿಬಿಡುತ್ತಾರೆ.